ಸೈಲೆನ್ಸರ್ ಬದಲಿಸಿದ ಮೇಷ್ಟ್ರು

ನಮ್ಮ ತಪ್ಪು ನಮಗೆ ಗೊತ್ತಾಗುವ ಹೊತ್ತಿಗೆ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿ ಮುಗಿದಿರುತ್ತದೆ. ಇದು ಲೋಕದ ರೀತಿಯೋ ನನ್ನೊಬ್ಬನ ಗುಣವೋ ತಿಳಿಯದು. ಹೊಸಪೇಟೆಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಏನಾದರೂ ಕೆಟ್ಟರೆ, ಕೆಡುವುದಕ್ಕೆ ಮುಂಚೆ ಏನು ಬದಲಾಯಿತೆಂದು ಕೇಳಿಕೊಳ್ಳಿ ಎಂದು ವರ್ಷಗಟ್ಟಲೆ ಮಕ್ಕಳಿಗೆ ಬೋಧಿಸಿದವನು. ಅದನ್ನು ನಾನೇ ಕೇಳಿಕೊಳ್ಳದ ಸಂಗತಿಯನ್ನು ಈಗಲೂ ತಲೆ ತಗ್ಗಿಸಿಯೇ ಹೇಳಬೇಕು.

ಅದಿರಿನ ದುಡ್ಡು ಊರಿಗೆ ನುಗ್ಗಿದ ಕಾಲ. ಸಂಡೂರಿನ ಕಡೆಯಿಂದ ಲಾರಿಗಳು ಇರುವೆ ಸಾಲಿನಂತೆ ಬರುತ್ತಿದ್ದವು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ನನ್ನ ವಿಷಯದಲ್ಲಿ ಎರಡೆರಡು ಸಲ ಫೇಲಾದ ಹುಡುಗರು ಗುಡುಗುವ ಕಾರುಗಳಲ್ಲಿ ಬಂದು, ಗಾಜು ಇಳಿಸಿ, "ನಮಸ್ಕಾರ್ರೀ ಸರ್" ಎನ್ನುತ್ತಿದ್ದರು. ನನ್ನದು ಯಾರೋ ಬಳಸಿ ಬಿಟ್ಟ ಪುಟ್ಟ ಕಾರು. ಹೊಲಿಗೆ ಯಂತ್ರದಷ್ಟು ಸದ್ದು. ಕೊನೆಗೆ ನಲವತ್ತೆಂಟರ ಪ್ರಾಯದಲ್ಲಿ ನನಗೂ ಗುಡುಗುವ ಆಸೆ ಹುಟ್ಟಿತು. ಒಂದು ಅಂಗಡಿಯಲ್ಲಿ ಹಳೆಯ ಸೈಲೆನ್ಸರ್ ಬಿಚ್ಚಿಸಿ, ತಂಬಿಗೆ ಬಾಯಿಯಷ್ಟು ಅಗಲದ ಹೊಳೆಯುವ ಕೊಳವೆ ಹಾಕಿಸಿಕೊಂಡು ಮನೆಗೆ ಬಂದೆ. ಹೆಂಡತಿ ಶಾರದೆ ಹೊರಗೆ ಬಂದು, "ಇದೇನ್ರೀ, ಅಕ್ಕಿ ಗಿರಣಿ ತಂದೀರೇನು?" ಎಂದು ಕೇಳಿದಳು. ಅವಳಿಗೆ ಶಕ್ತಿಯೆಂದರೇನು ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಆ ಸದ್ದಿನಲ್ಲಿ ತಿಳಿಯಲಿಲ್ಲ.

ಎರಡೇ ದಿನ. ನಿಂತಲ್ಲಿ ನಿಂತರೆ ಕಾರಿಗೆ ಚಳಿಜ್ವರ ಬಂದಂತೆ ನಡುಕ. ಆಕ್ಸಿಲರೇಟರ್ ತುಳಿದರೆ ಕೂಗುತ್ತಿತ್ತೇ ಹೊರತು ಮುಂದಕ್ಕೆ ಹೋಗುತ್ತಿರಲಿಲ್ಲ. ಸಂಡೂರಿನಲ್ಲಿ ಶಾರದೆಯ ತಮ್ಮನ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಹೊರಟವರು ದಾರಿಯ ಏರಿನಲ್ಲಿ ತೆವಳತೊಡಗಿದೆವು. ಹಿಂದಿನಿಂದ ಬಂದ ಅದಿರು ಲಾರಿಯ ಡ್ರೈವರ್ ಪಕ್ಕಕ್ಕೆ ಬಂದು ಇಣುಕಿ, "ಸದ್ದು ಭಾಳ ಐತಿ ಸರ್, ಗಾಡಿ ಎಲ್ಲೈತ್ರೀ?" ಎಂದು ವಿಚಾರಿಸಿ ಮುಂದೆ ಹೋದ. ಶಾರದೆ ಕಿಟಕಿಯಾಚೆ ನೋಡುತ್ತ ಕುಳಿತಳು. ಅವಳ ಹೆಗಲು ಮಾತ್ರ ಕುಲುಕುತ್ತಿತ್ತು.

ಇದು ಪೆಟ್ರೋಲಿನದೇ ದೋಷವೆಂದು ತೀರ್ಮಾನಿಸಿ, ಆ ಅವಮಾನವನ್ನೆಲ್ಲ ಕಟ್ಟಿಕೊಂಡು, ಮರುದಿನ ನಾನು ಯಾವಾಗಲೂ ಪೆಟ್ರೋಲ್ ಹಾಕಿಸುವ ಬಂಕಿಗೆ ಹೋದೆ. ಅಲ್ಲಿ ಪೆಟ್ರೋಲ್ ಹಾಕುವ ಈರಣ್ಣ ನನ್ನ ವಯಸ್ಸಿನವರೇ, ಮಿತಭಾಷಿ. "ಸೀಮೆಎಣ್ಣೆ ಬೆರೆಸಿ ಮಾರ್ತೀರೇನು?" ಎಂದು ಸರದಿಯಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಾಡಿದೆ. ಅವರು ನಡುಗುತ್ತಿದ್ದ ನನ್ನ ಕಾರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಪೈಪನ್ನು ಅದರ ಕೊಕ್ಕೆಗೆ ಸಿಕ್ಕಿಸಿದರು. ಮಾಲೀಕರು ಓಡಿ ಬಂದು, ಗಿರಾಕಿಗಳ ಮುಂದೆ ಮಾನ ಉಳಿಸಿಕೊಳ್ಳಲು, "ನೀ ಸ್ವಲ್ಪ ದಿನ ಊರಿಗೆ ಹೋಗಿರು" ಎಂದು ಈರಣ್ಣನಿಗೆ ಹೇಳಿಬಿಟ್ಟರು. ನಾನು ಗೆದ್ದವನಂತೆ ಹೊರಟೆ. ಬಂಕು ದಾಟುವುದರೊಳಗೆ ಕಾರು ಎರಡು ಸಲ ಆಫಾಯಿತು.

ಮೆಕ್ಯಾನಿಕ್ ಖಾಜಾಸಾಬರಿಗೆ, "ಪೆಟ್ರೋಲ್ ಕಲಬೆರಕೆ, ಅದನ್ನ ನೋಡ್ರಿ ಸಾಕು" ಎಂದು ಚೀಟಿ ಬರೆದುಕೊಡುವ ಡಾಕ್ಟರಂತೆ ಹೇಳಿದೆ. ಅವರು ಪೆಟ್ರೋಲನ್ನು ಸೀಸೆಗೆ ತೆಗೆದು ಮೂಸಿದರು, ಅಂಗೈಗೆ ಸವರಿಕೊಂಡರು. ಕ್ಷಣದಲ್ಲಿ ಆರಿತು, ಜಿಡ್ಡಿಲ್ಲ, ಸೀಮೆಎಣ್ಣೆಯ ವಾಸನೆಯಿಲ್ಲ. ಪ್ಲಗ್ ಬಿಚ್ಚಿದರೆ ಒಲೆಯ ಮಸಿಯಂತೆ ಕಪ್ಪು. "ಗಾಡಿಗೆ ಪೆಟ್ರೋಲಿನ ಊಟ ಹೆಚ್ಚಾಗೈತ್ರಿ, ಅರಗವಲ್ದು" ಎಂದರು. ಆಮೇಲೆ ನನ್ನ ಹೊಳೆಯುವ ಕೊಳವೆಯ ಬಾಯಿಗೆ ಗ್ಯಾರೇಜಿನ ಹುಡುಗನಿಂದ ಒದ್ದೆ ಬಟ್ಟೆ ಒತ್ತಿಸಿ, ಇಂಜಿನ್ ಬಳಿ ಕಿವಿಯಿಟ್ಟರು. ಜೋಡಣೆಯ ಸಂದಿನಿಂದ ಚುಸ್ ಚುಸ್ ಎಂದು ಗಾಳಿ ಸೋರುತ್ತಿತ್ತು. "ಸಂದಿ ಮುಚ್ಚೋ ಹಳೇ ಗ್ಯಾಸ್ಕೆಟ್ ಹರದೈತಿ. ಮತ್ತ ಇಲ್ಲಿ ನೋಡ್ರಿ, ಹೊಗಿ ನೋಡಿ ಎಷ್ಟು ಪೆಟ್ರೋಲ್ ಬೇಕು ಅಂತ ಹೇಳೋ ಸೆನ್ಸರು. ಸೈಲೆನ್ಸರ್ ಹಾಕಿದವರು ಇದರ ವೈರ್ ತಗದು ಹಂಗ ಬಿಟ್ಟಾರ. ಕಣ್ಣು ಕಟ್ಟಿದ ಎತ್ತಿನಂಗ ಆಗೈತಿ ಗಾಡಿ." ಕೈ ಒರೆಸಿಕೊಳ್ಳುತ್ತ, "ಪೆಟ್ರೋಲ್ ಚೊಕ್ಕ ಐತ್ರಿ ಸರ್" ಎಂದರು. ಕಾಯಿಲೆ ಸಿಕ್ಕಿತೆಂದು ಸಂತೋಷವಾಗಬೇಕಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬಂಕಿನ ಮಾಲೀಕರ ಬಳಿ ಹೋಗಿ ಒಪ್ಪಿಕೊಂಡೆ. "ನೀವ ಹೋಗಿ ಕರಕೊಂಡು ಬರ್ರಿ" ಎಂದರು, ನ್ಯಾಯವಾಗಿಯೇ. ಕಾರು ಗ್ಯಾರೇಜಿನಲ್ಲಿತ್ತು. ಕಂಪ್ಲಿ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹತ್ತಿ, ಈರಣ್ಣನ ಊರಾದ ಮೆಟ್ರಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿದೆ. ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ ಅವರು ಎದ್ದು, "ಬರ್ರಿ ಸರ್, ಕುಂದ್ರಿ" ಎಂದು ಕಂಬಳಿ ಹಾಸಿದಾಗ ಒಂದು ಪದವೂ ನೆನಪಾಗಲಿಲ್ಲ.

"ತಪ್ಪು ನಂದು ಈರಣ್ಣ. ಪೆಟ್ರೋಲ್ ಸರಿ ಇತ್ತು."

"ನನಗ ಗೊತ್ತಿತ್ತು ಬಿಡ್ರಿ. ಅವತ್ತ ನಿಮ್ಮ ಗಾಡಿ ಕರೀ ಹೊಗಿ ಬಿಡಾಕ ಹತ್ತಿತ್ತು, ಅದು ಗಾಡಿದ ತೊಂದ್ರಿ."

"ಮತ್ತ್ಯಾಕ ಹೇಳ್ಲಿಲ್ಲ?"

ಅವರು ಹಗ್ಗದ ತುದಿಗೆ ಗಂಟು ಹಾಕಿದರು. "ನನ್ನ ಮಗಳು ನಿಮ್ಮ ಕೈಯಾಗ ಓದ್ಯಾಳ್ರಿ. ನಾಕು ಮಂದಿ ಮುಂದ ಮೇಷ್ಟ್ರ ಮಾತು ಸುಳ್ಳು ಅನ್ನಾಕ ಬಾಯಿ ಬರ್ಲಿಲ್ಲ."

ಅವರ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಮಾಲೀಕರು ಕರೆಯುತ್ತಿದ್ದಾರೆ, ನಾಳೆಯೇ ಬನ್ನಿ ಎಂದು ಕೇಳಿಕೊಂಡೆ.

ಮರುದಿನವೇ ಈರಣ್ಣ ಕೆಲಸಕ್ಕೆ ಬಂದರು. ಹಳೆಯ ಸೈಲೆನ್ಸರ್ ಹಾಕಿಸಿ, ಹೊಲಿಗೆ ಯಂತ್ರದ ಸದ್ದಿನೊಂದಿಗೆ ನಾನೂ ಹೋದೆ. ಎಲ್ಲ ಗಿರಾಕಿಗಳಿಗೆ ಹೇಳುವಂತೆಯೇ ಅವರು ಮೀಟರಿನ ಕಡೆ ಕೈ ತೋರಿಸಿ, "ಸೊನ್ನೆ ನೋಡ್ಕೋರಿ ಸರ್" ಎಂದರು. ಎಲ್ಲರಿಗೂ ಹೇಳುವ ಮಾತೇ ಅದು. ಆದರೆ ನನಗೆ ಮಾತ್ರ, ಇಷ್ಟು ವರ್ಷವಾದರೂ, ಯಾರೋ ನನ್ನ ಉತ್ತರಪತ್ರಿಕೆ ತಿದ್ದಿ ಕೈಗೆ ಕೊಟ್ಟಂತೆಯೇ ಕೇಳಿಸುತ್ತದೆ.