ತುರ್ಗುನನ ಗೇಟಿಗೆ ಬೆಳಕು ಬಂದದ್ದು

"ಇನ್ಮೇಲೆ ನಮ್ಮ ಗೇಟಿನ ಮುಂದೆ ಕತ್ತಲಲ್ಲಿ ಸೊಳ್ಳೆ ಹಾರಿದ್ರೂ ಅದು ಗಂಡೋ ಹೆಣ್ಣೋ ಹೇಳ್ತೀನಿ, ನೋಡ್ತಿರು" ಎಂದು ತುರ್ಗುನ್ ಹೆಂಡತಿ ಮುಕರ್ರಮ್ ಮುಂದೆ ಘೋಷಿಸಿದ.

ಮಾರ್ಗಿಲಾನ್ ಊರಿನ ಅವರ ಬೀದಿಯಲ್ಲಿ ಹಿಂದಿನ ವಾರವಷ್ಟೇ ಎರಡು ಕುರಿ ಕಳುವಾಗಿದ್ದವು. ಇವರ ಅಂಗಳದಲ್ಲೋ, ಮೊಮ್ಮಗನ ಸುನ್ನತಿಯ ಔತಣಕ್ಕೆಂದು ಮುಕರ್ರಮ್ ಕೈಯಾರೆ ತಿನ್ನಿಸಿ ಕೊಬ್ಬಿಸಿದ ಟಗರಿತ್ತು. ಅದರ ಕಾವಲಿಗೇ ತುರ್ಗುನ್ ಗೇಟಿನ ಮೇಲೆ ಕ್ಯಾಮೆರಾ ಹಾಕಿಸಿದ್ದ. ಹಗಲಲ್ಲಿ ಅದಕ್ಕೆ ಹದ್ದಿನ ಕಣ್ಣು. ಹೊತ್ತು ಮುಳುಗಿತೋ, ಮೊಬೈಲಿನ ತುಂಬ ಬರೀ ರಾಗಿ ಗಂಜಿ.

"ಈ ಕರೀ ಮುದ್ದೆ ಏನ್ರೀ, ಕಳ್ಳನಾ?" ಮುಕರ್ರಮ್ ಕೇಳಿದಳು.

"ಅದು ನೀನು ಕಣೇ. ಸಂಜೆ ಕಸ ಚೆಲ್ಲೋಕೆ ಹೋಗಿದ್ದೆಯಲ್ಲ."

"ಕಟ್ಕೊಂಡ ಹೆಂಡ್ತೀನೇ ಗುರುತು ಸಿಗಲ್ಲ, ಇನ್ನು ಕಳ್ಳ ಸಿಕ್ಕಿದ ಹಾಗೇ."

ತುರ್ಗುನ್ ಏಣಿ ಹತ್ತಿದ. ಕ್ಯಾಮೆರಾದ ಬೆಳಕು ಎದುರಿನ ದ್ರಾಕ್ಷಿ ಎಲೆಗಳಿಗೆ ಬಡಿದು ವಾಪಸು ಬರುತ್ತಿತ್ತು. ಬಳ್ಳಿಗೆ ಕತ್ತರಿ ಬಿತ್ತು. "ಹತ್ತು ವರ್ಷದ ಬಳ್ಳಿ ಕಣ್ರೀ" ಎಂದು ಮುಕರ್ರಮ್ ಹೇಳುವಷ್ಟರಲ್ಲಿ ಅದು ಬೋಳಾಗಿತ್ತು. ಎಲೆ ಹೋದ ಮೇಲೆ ಬೀದಿಯ ದೂಳು ಚಿತ್ರದಲ್ಲಿ ಹಿಮದಂತೆ ಸುರಿಯತೊಡಗಿತು. ಗೇಟಿನಿಂದ ಬೀದಿಯ ತಿರುವಿನವರೆಗೆ ಗುಡಿಸಿ ನೀರು ಚಿಮುಕಿಸಿದ. ಮಣ್ಣಿನ ಗೋಡೆ ಬೆಳಕನ್ನು ನುಂಗುತ್ತಿದೆ ಎನ್ನಿಸಿತು, ಸುಣ್ಣ ಬಳಿದ. ಇಷ್ಟಾದರೂ ಗಂಜಿ ಗಂಜಿಯೇ. ಕೊನೆಗೆ ಭಾವಮೈದುನನ ಮನೆಯಿಂದ ಬಲ್ಬಿನ ಸರಗಳನ್ನು ತಂದು ಗೇಟಿನ ಎರಡೂ ಕಡೆ ಇಳಿಬಿಟ್ಟ.

ಸಂಜೆ ಸ್ವಿಚ್ಚು ಒತ್ತಿದ್ದೇ ತಡ, ಚಿತ್ರ ಕನ್ನಡಿಯಂತಾಯಿತು.

"ಬಾರೇ, ಎದುರು ಗೋಡೆಯ ಬಿರುಕು ಎಣಿಸು ಬಾ."

ಮುಕರ್ರಮ್ ಬಗ್ಗಿ ನೋಡಿದಳು. "ಬಿರುಕು ಹಾಗಿರ್ಲಿ. ಇವರ್ಯಾರು?"

ಹನ್ನೆರಡು ಗಂಡಸರು ಗೇಟಿನತ್ತಲೇ ಬರುತ್ತಿದ್ದರು. ಪ್ರತಿಯೊಬ್ಬನ ಕೈಯಲ್ಲೂ ಚಾಕು. ಎಲ್ಲರಿಗಿಂತ ಮುಂದೆ ಮೊಹಲ್ಲಾದ ಹಿರಿಯ ಸೋಬಿತ್ ಅಜ್ಜ. ಅವರ ಗಡ್ಡದ ಒಂದೊಂದು ಕೂದಲೂ ಎಣಿಸುವಂತೆ ಕಾಣುತ್ತಿತ್ತು.

ಗೇಟು ತೆರೆದದ್ದೇ ಅಜ್ಜ ಶುರುಮಾಡಿದರು. "ಏನಪ್ಪಾ ತುರ್ಗುನ್, ಗೋಡೆಗೆ ಸುಣ್ಣ ಬಳಿದೆ, ಬೀದಿಗೆ ನೀರು ಹಾಕಿದೆ, ದೀಪದ ಸರ ಕಟ್ಟಿದೆ. ಬೆಳಗಿನ ಪಲಾವಿಗೆ ಕ್ಯಾರೆಟ್ ಹೆಚ್ಚೋಕೆ ಬನ್ನಿ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ? ನಾವೇನು ಸತ್ತುಹೋಗಿದ್ವಾ? ಕರೀದೇ ಇದ್ರೂ ಬಂದಿದೀವಿ. ಚಾಕು ನಮ್ಮದೇ."

ಆ ಊರಿನಲ್ಲಿ ಔತಣವೆಂದರೆ ಹಾಗೆಯೇ: ಹಿಂದಿನ ಸಂಜೆಯೇ ನೆರೆಯವರು ತಂತಮ್ಮ ಚಾಕು ಹಿಡಿದು ಹಾಜರು. ಅಷ್ಟು ದೀಪ ಹಾಕಿ ಔತಣವಿಲ್ಲವೆಂದರೆ ಯಾರು ನಂಬುತ್ತಾರೆ?

"ಹಾಗಲ್ಲ ಅಜ್ಜ, ಇದು ಕ್ಯಾಮೆರಾಗೆ ಸರಿಯಾಗಿ ಕಾಣ್ಲಿ ಅಂತ..."

ಅಜ್ಜ ತಲೆಯೆತ್ತಿ ಕ್ಯಾಮೆರಾ ನೋಡಿದರು. "ಕಾಣಬೇಕಾದ್ದು ಯಾರು? ಈ ಬೀದೀಲಿ ಓಡಾಡೋರು ನಾವೇ ತಾನೆ?"

ಹನ್ನೆರಡು ಮುಖ ಒಟ್ಟಿಗೆ ಗಂಟಾದವು. ಮುಂದೆ ಮೊಮ್ಮಗನ ಸುನ್ನತಿಗೆ ಬರಬೇಕಾದವರು, ತಾನು ಸತ್ತರೆ ಹೆಗಲು ಕೊಡಬೇಕಾದವರು ಇವರೇ. ಇವರನ್ನು ಕಳ್ಳರ ಸಾಲಿಗೆ ಸೇರಿಸಿ ಆ ಬೀದಿಯಲ್ಲಿ ಬಾಳುವುದುಂಟೇ? ತುರ್ಗುನ್ ಮಾತು ತಿರುಗಿಸಿದ.

"ನೆನಪಿಗೆ ಅಂತ ಅಜ್ಜ. ನೀವೆಲ್ಲ ನಮ್ಮನೆಗೆ ಬರೋದನ್ನ ಹಿಡಿದಿಡೋಣ ಅಂತ."

"ಹಾಗಾದ್ರೆ ಪಲಾವ್ ಇದೆ ತಾನೆ?"

"ಇದೆ. ಹರಕೆಯದು."

ಗಂಟು ಮುಖಗಳು ಸಡಿಲವಾದವು. ಮುಕರ್ರಮ್ ಗಂಡನ ಕಿವಿಯ ಹತ್ತಿರ ಬಂದು, "ಹರಕೆ ಸರಿ, ಮಾಂಸ?" ಎಂದಳು. ಅವನು ಅಂಗಳದ ಮೂಲೆಯತ್ತ ನೋಡಿದ. ಅವಳೂ ನೋಡಿದಳು. ಆಮೇಲೆ ಅವಳು ಅವನ ಜೊತೆ ಮಾತು ಬಿಟ್ಟಳು.

ಬೆಳಗಿನ ನಮಾಜು ಮುಗಿಯುತ್ತಲೇ ಇಡೀ ಮೊಹಲ್ಲಾ ಬಂದು ಉಂಡಿತು. ಸೋಬಿತ್ ಅಜ್ಜ ಬೆರಳು ಚೀಪಿ, ಎರಡೂ ಕೈ ಎತ್ತಿ, "ಈ ಮನೆ ಮೇಲೆ ಕಳ್ಳಕಾಕರ ಕಣ್ಣು ಬೀಳದಿರ್ಲಿ" ಎಂದು ಹರಸಿದರು. ಎಲ್ಲರೂ ಆಮೀನ್ ಎಂದರು.

ಖಾಲಿ ಕೊಪ್ಪರಿಗೆಯ ಪಕ್ಕ ತುರ್ಗುನ್ ಕುಸಿದು ಕುಳಿತಿದ್ದ. ಮುಕರ್ರಮ್ ಮೊಬೈಲ್ ಹಿಡಿದು ಬಂದಳು. ರಾತ್ರಿಯಿಂದ ಬಿಟ್ಟ ಮಾತು ಈಗ ಬಂತು.

"ನಿಮ್ಮ ಕ್ಯಾಮೆರಾನ ಆಡ್ಕೊಂಡಿದ್ದು ತಪ್ಪಾಯ್ತು ಕಣ್ರೀ. ನಮ್ಮ ಟಗರು ಹೊಡ್ಕೊಂಡು ಹೋದ ಕಳ್ಳ ಸಿಕ್ಕಿದಾನೆ."

ಅವನು ನೋಡಿದ. ಝಗಮಗಿಸುವ ದೀಪಗಳ ಕೆಳಗೆ, ಬೀದಿಯ ಕೊನೆಯ ಕಟುಕನ ಮನೆಯ ಕಡೆಗೆ, ಬರಲೊಲ್ಲದ ಟಗರನ್ನು ಹಗ್ಗ ಹಿಡಿದು ಎಳೆಯುತ್ತಿದ್ದವನು ತಾನೇ. ಗೇಟು ದಾಟುವಾಗ ಹೆಂಡತಿ ಕಂಡಾಳೆಂದು ಹಿಂದೆ ತಿರುಗಿ ಬೇರೆ ನೋಡಿದ್ದ.

"ಮುಖ ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಎಂದಳು ಮುಕರ್ರಮ್. "ಪೊಲೀಸರಿಗೆ ಕೊಡೋಣ್ವಾ, ಇಲ್ಲಾ ಮೊಮ್ಮಗನಿಗೆ ತೋರ್ಸಿದ್ರೆ ಸಾಕಾ?"