ಲೆಕ್ಕದ ಪ್ರಕಾರ ಜಾರಬಾರದು

ಇಳಿಜಾರಿನ ಮೇಲೆ ಪೆಟ್ಟಿಗೆ ಇಟ್ಟು, ಅದರ ಭಾರದಲ್ಲಿ ಕೆಳಕ್ಕೆ ಎಳೆಯುವ ಪಾಲೆಷ್ಟು, ಇಳಿಜಾರನ್ನು ಒತ್ತುವ ಪಾಲೆಷ್ಟು ಎಂದು ಕಲಿಸುವುದು ನನ್ನ ಕಸುಬು. ಹೆಂಡತಿಯದು ಬ್ಯಾಂಕ್ ಕೆಲಸ. ಅವಳಿಗೆ ವರ್ಗವಾದಲ್ಲೆಲ್ಲ ನಾನೂ ಸೀಮೆಸುಣ್ಣ ಹಿಡಿದು ಹೊರಡುತ್ತೇನೆ. ಊರು ಯಾವುದಾದರೇನು, ಈ ಪಾಠದಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ವಡೋದರಾ: ಮಾತು ಕೇಳುವ ಪೆಟ್ಟಿಗೆ

ಮೌಖಿಕ ಪರೀಕ್ಷೆ. “ಇಳಿಜಾರಿನ ಮೇಲೆ ಪೆಟ್ಟಿಗೆ ನಿಶ್ಚಲವಾಗಿದೆ. ಯಾಕೆ ಜಾರುತ್ತಿಲ್ಲ?” ಎಂದೆ. ಘರ್ಷಣೆ ಅಂದಿದ್ದರೆ ಸಾಕಿತ್ತು. ಹುಡುಗ ಸೂರು ನೋಡಿದ, ನೆಲ ನೋಡಿದ.

“ನಿಶ್ಚಲವಾಗಿದೆ ಅಂತ ನೀವೇ ಹೇಳಿದಿರಲ್ಲ ಸರ್. ನಿಮ್ಮ ಮಾತು ಹೇಗೆ ಮೀರುತ್ತೆ?”

ಆ ವರ್ಷವಿಡೀ ನನ್ನ ತರಗತಿಯಲ್ಲಿ ನನ್ನ ಮಾತು ಕೇಳಿದ್ದು ಆ ಪೆಟ್ಟಿಗೆಯೊಂದೇ.

ಸೂರತ್: ಮೇಲ್ಮುಖ ಬಲ

ಊರ ಹೊರಗಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಕಡೆ ಹೋಟೆಲ್ ಇಟ್ಟಿದ್ದ ಕುಂದಾಪುರದವರ ಮಗಳು ಮನೆಪಾಠಕ್ಕೆ ಬರುತ್ತಿದ್ದಳು. ಹುಟ್ಟಿ ಬೆಳೆದದ್ದು ಅಲ್ಲೇ, ಕನ್ನಡ ಅಷ್ಟಕ್ಕಷ್ಟೆ. “ಕನ್ನಡದಲ್ಲೇ ಹೇಳಿಕೊಡಿ ಮಾರಾಯ್ರೆ, ಭಾಷೆಯೂ ಬರಲಿ” ಎಂದರು ತಾಯಿ.

“ಇಳಿಜಾರಿನ ಚಿತ್ರ ಬರೆದು ಬಲಗಳನ್ನು ಗುರುತಿಸು” ಎಂದೆ. ಹುಡುಗಿ ಶ್ರದ್ಧೆಯಿಂದ ಬರೆದು ತೋರಿಸಿದಳು. ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಒಂದು ಇಲಿ ಜಾರುತ್ತಿತ್ತು!

ಭಾರದ ಬಾಣ ನೇರ ಕೆಳಕ್ಕೆ, ಲಂಬ ಬಲ ಲಂಬವಾಗಿಯೇ. ಸಂತೋಷವಾಯಿತು. ಇಲಿಯ ಹಿಂದಿನಿಂದ ಮೇಲಕ್ಕೆ ಹೋಗಿದ್ದ ಗೆರೆ ಮುಟ್ಟಿ, “ಈ ಬಲ ಘರ್ಷಣೆ ತಾನೇ?” ಎಂದೆ.

“ಅದು ಬಲ ಅಲ್ಲ ಅಂಕಲ್,” ಎಂದಳು, “ಬಾಲ.”

ಮಣಿನಗರ: ಫ್ರಿಜ್

ಅಹಮದಾಬಾದಿನ ಮಣಿನಗರಕ್ಕೆ ಮನೆ ಬದಲಿಸಿದ ದಿನ. ಟೆಂಪೋಗೆ ಹಲಗೆ ಒರಗಿಸಿ ಇಬ್ಬರು ಹಮಾಲರು ಹಗ್ಗ ಕಟ್ಟಿ ಫ್ರಿಜ್ ಇಳಿಸುತ್ತಿದ್ದರು. ಅರ್ಧಕ್ಕೆ ಬರುವಷ್ಟರಲ್ಲಿ ಅವರ ತೋಳು ನಡುಗತೊಡಗಿತು. ನಾನು ಮೊಬೈಲಿನಲ್ಲಿ ಹಲಗೆಯ ಕೋನ ಅಳೆದು, ಮನಸ್ಸಿನಲ್ಲೇ ಲೆಕ್ಕ ಹಾಕಿ, “ಹಗ್ಗ ಬಿಟ್ಟು ಸುಧಾರಿಸಿಕೊಳ್ಳಿ. ಘರ್ಷಣೆ ಬೇಕಾದಷ್ಟಿದೆ, ಜಾರುವುದಿಲ್ಲ” ಎಂದೆ.

ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಮುಖ ನೋಡಿದರು.

“ಸಾಹೇಬ್, ಪಕ್ಕಾ?” ಎಂದ ಒಬ್ಬ, ಕೊನೆಗೆ ನನ್ನತ್ತ ತಿರುಗಿ.

“ಇಪ್ಪತ್ತು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನೆ!”

ಬಿಟ್ಟರು. ಫ್ರಿಜ್ ಅಲುಗಲಿಲ್ಲ. ನನ್ನ ಎದೆ ಉಬ್ಬಿತು. “ನೋಡಿದೆಯಾ?” ಎಂದು ಹೆಂಡತಿಯತ್ತ ತಿರುಗಿದೆ. ಹಿಂದೆ ಧಡಾರ್ ಎಂಬ ಸದ್ದು. ಹಲಗೆಯೇ ಟೆಂಪೋದ ಅಂಚಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅದರ ಮೇಲೆ ಫ್ರಿಜ್ ಅಂಗಾತ ಮಲಗಿ ಬಾಯ್ಬಿಟ್ಟಿತ್ತು.

ಹೆಂಡತಿ ಬಗ್ಗಿ ಎರಡೂ ಕಡೆ ನೋಡಿದಳು.

“ಲೆಕ್ಕ ಸರಿಯಾಗೇ ಇದೆ ರೀ. ಫ್ರಿಜ್ ಹಲಗೆ ಬಿಟ್ಟು ಒಂದಂಗುಲವೂ ಜಾರಿಲ್ಲ.”