ವರಾಂಡದಲ್ಲಿ ಎರೆಹುಳ ಸಾಕಿದ್ದು

ಹಸು ಸಾಕಿದವರು ಹಾಲಿನ ಮಾತಾಡ್ತಾರೆ, ನಾಯಿ ಸಾಕಿದವರು ನಿಯತ್ತಿನ ಮಾತಾಡ್ತಾರೆ. ಎರೆಹುಳ ಸಾಕಿದವರಿಗೆ ಮಾತ್ರ ದಿನಾ ಯಾರಿಗಾದ್ರೂ ಜವಾಬು ಹೇಳೋದೇ ಕೆಲಸ.

ಬಸ್ಸಿನಲ್ಲಿ

ವಿ.ಸಿ. ಫಾರಂ ಕಡೆಯ ರೈತರೊಬ್ಬರು ಒಂದು ಡಬ್ಬಿ ತುಂಬ ಹುಳ ಕೊಟ್ಟರು. ಒದ್ದೆ ಬಟ್ಟೆ ಮುಚ್ಚಿ, ತೊಡೆ ಮೇಲಿಟ್ಟುಕೊಂಡು ಮಂಡ್ಯದ ಬಸ್ಸಲ್ಲಿ ಕೂತೆ. ಪಕ್ಕದಲ್ಲಿದ್ದ ಅಜ್ಜಿ ಮುತ್ತತ್ತಿ ಪ್ರಸಾದ ಅಂದುಕೊಂಡು ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಳ್ತು. ಎರೆಹುಳ ಕಣಜ್ಜಿ ಅಂದೆ. ಗದ್ದೇಲಿ ಬಿಟ್ಟಿ ಸಿಗೋ ಹುಳಕ್ಕೆ ಬಸ್ಸು ಹತ್ತಿ ಬಂದಿದ್ದೀಯಲ್ಲ, ನಿಂಗೇನು ಬಂದಿತ್ತು ಅಂತ ಬೈತು. ಬೈದು ಕಿಟಕಿಯಾಚೆ ಗದ್ದೆ ಕಡೆ ನೋಡ್ತಾ ಕೂತಿತು. ತನ್ನ ಗದ್ದೇಲಿ ಹುಳ ಕಂಡು ಎಷ್ಟು ಕಾಲವಾಯ್ತು ಅಂತ ಯೋಚಿಸ್ತಿತ್ತೋ ಏನೋ. ಇಳಿಯುವಾಗ ಇನ್ನೊಂದು ಸಲ ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡೇ ಇಳೀತು.

ಪಕ್ಕದ ಮನೆ ಪಾತ್ರೆ

ನಮ್ಮದು ಹಿತ್ತಲಿಲ್ಲದ ಬಾಡಿಗೆ ಮನೆ, ಹುಳದ ಟಬ್ಬು ವರಾಂಡದಲ್ಲಿ ಕೂತಿತು. ಕೆರಗೋಡಿನವರಾದ ನನ್ನತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು: ಒಂದೇ ಒಂದು ಹುಳ ಹೊಸ್ತಿಲು ದಾಟಿದರೂ ಟಬ್ಬು ಬೀದಿಗೆ. ಅವತ್ತಿಂದ ನನಗೆ ಅದೇ ದಿಗಿಲು. ಈ ಸಿಮೆಂಟಿನ ಮನೇಲಿ ಕೈಗೆ ಮಣ್ಣು ಅಂತ ಹತ್ತೋದು ಅದೊಂದರಲ್ಲೇ. ಅದೂ ಹೋದರೆ ನಾನು ತಡಕೊಳ್ತಿರಲಿಲ್ಲ.

ಪಕ್ಕದ ಮನೆಯ ಮೆಕ್ಯಾನಿಕ್ ಸಾಬರ ಹೆಂಡತಿ ಹುಳಕ್ಕಿರಲಿ ಅಂತ ತರಕಾರಿ ಸಿಪ್ಪೆಯನ್ನ ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ ಕಳಿಸಿದರು. ನಾನು ಮನೇಲಿರಲಿಲ್ಲ. ಸಿಪ್ಪೆ ಬಂದರೇನು, ಊಟ ಬಂದರೇನು, ನೆರೆಮನೆ ಪಾತ್ರೆ ಬರಿದು ವಾಪಸ್ ಕಳಿಸಬಾರದು ಅಂತ ಅತ್ತೆ ಕಜ್ಜಾಯ ತುಂಬಿ ಕೊಟ್ಟರು. ಮಾರನೇ ದಿನ ಸಿಪ್ಪೆ ಬಂದಿದ್ದು ಬಕೀಟಿನಲ್ಲಿ.

ಪಿತೃಪಕ್ಷ

ನಮ್ಮ ಕಡೆ ಪಿತೃಪಕ್ಷ ಅಂದರೆ ಹಿರಿಯರಿಗೆ ಎಡೆ, ನೆಂಟರಿಗೆ ಬಾಡೂಟ. ಸಾಕು ಅಂದವರಿಗೂ ಅತ್ತೆ ಇನ್ನೊಂದು ಮುದ್ದೆ ಇಕ್ಕದೆ ಬಿಡೋರಲ್ಲ. ಊಟದ ಮಧ್ಯೆ ಯಾರಾದರೂ ಎದ್ದರೋ, ಮನೆಗೇ ಅವಮಾನ.

ನೆಂಟರನ್ನೆಲ್ಲ ಬಸ್ಸು ಹತ್ತಿಸಿ ಬಂದು ನೋಡ್ತೀನಿ, ಟಬ್ಬಿನ ಹುಳಗಳೆಲ್ಲ ಅಂಚು ಹತ್ತಿ, ನೆಲಕ್ಕಿಳಿದು, ಹೊಸ್ತಿಲು ದಾಟಿ ನಡುಮನೆಗೆ ಬರ್ತಾ ಇವೆ. ಟಬ್ಬಿನ ನಡುವೆ ಮುದ್ದೆ, ಅದರ ಮೇಲೆ ಮಟನ್ ಸಾರು! ಉಪ್ಪು ಖಾರ ತಾಕಿದರೆ ಆ ಜೀವಗಳಿಗೆ ಮೈಯೆಲ್ಲ ಉರಿ, ಓಡದೆ ಇನ್ನೇನು ಮಾಡ್ತಾವೆ? ಮುಗೀತು, ಟಬ್ಬು ಬೀದಿ ಪಾಲು ಅಂದುಕೊಂಡೆ.

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಹಬ್ಬದ ದಿನ ಎಲ್ಲರಿಗೂ ಬಾಡು ಬಡಿಸಿ, ಅವಕ್ಕೆ ಮಾತ್ರ ಸಿಪ್ಪೆ ಇಕ್ಕೋಕೆ ಅವರ ಮನಸ್ಸು ಒಪ್ಪಲಿಲ್ಲವಂತೆ. ಮುಖ ಸಣ್ಣದಾಗಿತ್ತು. ಟಬ್ಬಿನ ಮಾತೇ ಎತ್ತಲಿಲ್ಲ.

"ಉಣ್ತಾ ಉಣ್ತಾನೇ ಎದ್ದೋಯ್ತಾವಲ್ಲ ಕಣಮ್ಮಿ," ಅಂದರು. "ಸಾರಿಗೆ ಉಪ್ಪು ಕಮ್ಮಿ ಆಗೋಯ್ತೇನೋ."